ದಯವಿಟ್ಟು ಕಂಪ್ಯೂಟರ್ ಪರದೆಗೆ ಮೊಬೈಲ್ ಹಿಡಿಯಬೇಡಿ

ಈಗಷ್ಟೇ ವಾಟ್ಸಾಪಿಗೆ ಒಂದು ಪುಟದ ತಿದ್ದುಪಡಿ ಬಂತು. ತೆರೆದು ನೋಡಿದರೆ ಕಂಪ್ಯೂಟರ್ ಪರದೆಯ ಫೋಟೊ. ಮೊಬೈಲನ್ನು ಓರೆಯಾಗಿ ಹಿಡಿದು ತೆಗೆದದ್ದು. ಮೇಲೆ ಟ್ಯೂಬ್‌ಲೈಟಿನ ಬಿಳಿ ಪಟ್ಟಿ, ಅದರ ಕೆಳಗೆ ಅಲೆಅಲೆಯಾದ ಗೆರೆಗಳು, ಆ ಗೆರೆಗಳ ಮಧ್ಯೆ ಎಲ್ಲೋ ಕನ್ನಡ. 'ಮೂರನೇ ಸಾಲು ನೋಡಿ ಸರ್, ತಪ್ಪಿದೆ' ಅಂತ ಜೊತೆಗೊಂದು ಮೆಸೇಜು. ನೋಡಿದೆ. ದೊಡ್ಡದು ಮಾಡಿಯೂ ನೋಡಿದೆ. ಅಲ್ಲಿರುವುದು 'ದ' ಕಾರವೋ 'ಧ' ಕಾರವೋ ಗೊತ್ತಾಗಲೇ ಇಲ್ಲ.

ನನ್ನ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಬೆಳಗ್ಗೆಯಿಂದ ರಾತ್ರಿವರೆಗೆ ಪುಸ್ತಕಗಳ ಪುಟ ಕಟ್ಟುವುದು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ, ಇವುಗಳ ನಡುವೆ ಇರುವುದು ಬುಡದಲ್ಲಿ ಒಂದು ಪುಟ್ಟ ಗೀಟು, ಅಷ್ಟೇ. ಒತ್ತಕ್ಷರ ಅಂತೂ ಸಾಲಿನ ಕೆಳಗೆ ಇನ್ನೂ ಸಣ್ಣದಾಗಿ ಕೂತಿರುತ್ತದೆ. ಫೋಟೊ ಚೂರು ಅಲುಗಿದರೂ ಮೊದಲು ಮಾಯವಾಗುವುದು ಇವೇ. ತಿದ್ದುಪಡಿ ಬರುವುದೇ ಆ ಗೀಟಿಗಾಗಿ. ಅದೇ ಕಾಣದಿದ್ದರೆ ನಾನು ಏನನ್ನು ತಿದ್ದಲಿ?

'ಒಳ್ಳೆ ಮೊಬೈಲೇ ಸರ್, ಕ್ಯಾಮೆರಾ ಚೆನ್ನಾಗಿದೆ' ಅನ್ನುತ್ತಾರೆ. ಕ್ಯಾಮೆರಾ ಎಷ್ಟು ದುಬಾರಿಯಾದರೂ ಆ ಅಲೆಗಳು ಬರಬಹುದು. ಪರದೆ ಅಂದರೆ ಸಣ್ಣ ಸಣ್ಣ ಚುಕ್ಕೆಗಳ ಜಾಲ. ಕ್ಯಾಮೆರಾದ ಸೆನ್ಸರ್ ಕೂಡ ಅಂಥದ್ದೇ ಇನ್ನೊಂದು ಜಾಲ. ಒಂದರ ಮೇಲೊಂದು ಸರಿಯಾಗಿ ಕೂರದಿದ್ದಾಗ ಅಲೆ ಏಳುತ್ತದೆ. ಸ್ಕ್ರೀನ್‌ಶಾಟಿನಲ್ಲಿ ಕ್ಯಾಮೆರಾ ಮಧ್ಯೆ ಬರುವುದೇ ಇಲ್ಲ. ಪರದೆಯ ಮೇಲಿರುವ ಚುಕ್ಕೆಗಳನ್ನೇ ಕಂಪ್ಯೂಟರ್ ಇದ್ದಹಾಗೆ ನಕಲು ಮಾಡಿ ಕೊಡುತ್ತದೆ.

ಇದೇನು ಹೊಸ ವಿದ್ಯೆಯೂ ಅಲ್ಲ. 1981ರ ಐಬಿಎಂ ಪಿಸಿಯ ಕೀಬೋರ್ಡಿನಲ್ಲೇ ಪ್ರಿಂಟ್ ಸ್ಕ್ರೀನ್ ಕೀ ಇತ್ತು. ಆಗ ಅದು ಪರದೆಯ ಅಕ್ಷರಗಳನ್ನು ನೇರವಾಗಿ ಪ್ರಿಂಟರಿಗೆ ಕಳಿಸುತ್ತಿತ್ತು. ಪರದೆಯ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಕೊಡುವ ಸ್ನಿಪ್ಪಿಂಗ್ ಟೂಲ್ 2007ರ ವಿಂಡೋಸ್ ವಿಸ್ಟಾದಲ್ಲೇ ಬಂದಿತ್ತು. ಈಗಿನ ವಿಂಡೋಸ್ 10, 11ರಲ್ಲಿ ಇನ್ನೂ ಸುಲಭ. ವಿಂಡೋಸ್, ಶಿಫ್ಟ್, ಎಸ್ ಈ ಮೂರು ಕೀಗಳನ್ನೂ ಒಟ್ಟಿಗೆ ಒತ್ತಿ. ಪರದೆ ಮಬ್ಬಾಗುತ್ತದೆ. ಬೇಕಾದ ಜಾಗದ ಸುತ್ತ ಮೌಸ್ ಎಳೆಯಿರಿ. ವಾಟ್ಸಾಪ್ ವೆಬ್‌ಗೆ ಹೋಗಿ ಕಂಟ್ರೋಲ್ ವಿ ಒತ್ತಿ. ಮುಗೀತು. ಫೈಲ್ ಸೇವ್ ಮಾಡುವ ರಗಳೆಯೂ ಇಲ್ಲ. ಮೊಬೈಲ್ ಹುಡುಕಿ, ಲಾಕ್ ತೆಗೆದು, ಕ್ಯಾಮೆರಾ ತೆರೆದು ಫೋಟೊ ಹೊಡೆಯುವುದಕ್ಕಿಂತ ಇದು ಬೇಗ ಆಗುತ್ತದೆ.

'ವಯಸ್ಸಾದವರಿಗೆ ಇದೆಲ್ಲ ಕಷ್ಟ ಅಲ್ವಾ' ಅಂತ ಯಾರಾದರೂ ಕಾಮೆಂಟ್ ಹಾಕುವುದು ಖಂಡಿತ. ಅದಕ್ಕೆ ಈಗಲೇ ಉತ್ತರ ಕೊಟ್ಟುಬಿಡುತ್ತೇನೆ. ನನಗೆ ಪುಸ್ತಕ ಕೊಟ್ಟಿರುವ ಒಬ್ಬರು ನಿವೃತ್ತ ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ಫೋನಿನಲ್ಲಿ ಒಂದು ಸಲ ಹೇಳಿದೆ, ಪಕ್ಕದಲ್ಲಿ ಚೀಟಿ ಇಟ್ಟುಕೊಂಡು ಬರೆದುಕೊಂಡರು. ಮರುದಿನ ಅವರಿಂದ ಬಂದ ಪುಟ ನೋಡಬೇಕಿತ್ತು ನೀವು. ಬೇಕಾದ ಪ್ಯಾರಾ ಮಾತ್ರ ಕತ್ತರಿಸಿ, ಸ್ನಿಪ್ಪಿಂಗ್ ಟೂಲಿನ ಪೆನ್ನಿನಲ್ಲಿ ತಪ್ಪಿನ ಸುತ್ತ ಕೆಂಪು ಸುತ್ತು ಹಾಕಿ, ಅಂಚಿನಲ್ಲಿ 'ಒತ್ತು ಬಿಟ್ಟಿದೆ' ಅಂತ ಬರೆದು ಕಳಿಸಿದ್ದರು. ಸುಮ್ನೆ ಹೇಳುತ್ತಿಲ್ಲ, ಎದುರಿಗಿದ್ದಿದ್ದರೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ. ನನಗೆ ಜಾಸ್ತಿ ಫೋಟೊ ಕಳಿಸುವವರು ದಿನಪೂರ್ತಿ ಕಂಪ್ಯೂಟರ್ ಮುಂದೆಯೇ ಕೂರುವ, ನನಗಿಂತ ಚಿಕ್ಕ ವಯಸ್ಸಿನವರು. ಸಿಟ್ಟು ಬರುವುದು ಅದಕ್ಕೇ.

ಇನ್ನೊಂದು ವಿಷಯ ನಿಜಕ್ಕೂ ಹೆದರಿಕೆ ಹುಟ್ಟಿಸುತ್ತದೆ. ಫೋಟೊದಲ್ಲಿ ಪರದೆಯೊಂದೇ ಬರುವುದಿಲ್ಲ. ಒಬ್ಬರು ಕಳಿಸಿದ ತಿದ್ದುಪಡಿಯ ಪಕ್ಕದಲ್ಲಿ ಅವರ ಪಾಸ್‌ಬುಕ್ಕೇ ತೆರೆದಿತ್ತು, ಖಾತೆ ನಂಬರ್ ಸ್ಪಷ್ಟವಾಗಿ ಓದಬಹುದಿತ್ತು! ತಕ್ಷಣ ಅಳಿಸಿ ಅವರಿಗೂ ಹೇಳಿದೆ. ಹಾಗಂತ ಸ್ಕ್ರೀನ್‌ಶಾಟನ್ನೂ ಕಣ್ಣುಮುಚ್ಚಿ ಕಳಿಸಬೇಡಿ. ಇಡೀ ಪರದೆ ತೆಗೆದು ಆಮೇಲೆ ಕತ್ತರಿಸುವುದಕ್ಕಿಂತ, ತೆಗೆಯುವಾಗಲೇ ಬೇಕಾದಷ್ಟನ್ನು ಆರಿಸಿಕೊಳ್ಳಿ. ಕತ್ತರಿಸಿದ ಮೇಲೂ ಹಳೆಯ ಭಾಗ ಫೈಲಿನೊಳಗೆ ಉಳಿಯುವ ದೋಷ 2023ರಲ್ಲಿ ಸ್ನಿಪ್ಪಿಂಗ್ ಟೂಲಿನಲ್ಲೇ ಸಿಕ್ಕಿತ್ತು. ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿದೆ. ಆದರೂ ಬೇಡದ್ದನ್ನು ಸ್ಕ್ರೀನ್‌ಶಾಟಿನಲ್ಲಿ ಸೇರಿಸದೇ ಇರುವುದು ಒಳ್ಳೆಯದು.

'ವಿಷಯ ಅರ್ಥವಾದರೆ ಸಾಕಲ್ವಾ' ಅನ್ನುವವರಿಗೂ ಒಂದು ಮಾತು. ಅರ್ಥ ಮಾಡಿಕೊಳ್ಳಬೇಕಾದ ನನಗೇ ಆಗುತ್ತಿಲ್ಲ. ಊಹೆ ಮಾಡಿ ತಿದ್ದಿದರೆ ತಪ್ಪು ಅಚ್ಚಾಗುತ್ತದೆ. ಅಚ್ಚಾದ ಮೇಲೆ ಪುಸ್ತಕದ ಮೇಲಿರುವುದು ನಿಮ್ಮ ಹೆಸರು.

ಕಂಪ್ಯೂಟರ್ ಕ್ಲಾಸ್ ನಡೆಸುವ ಗೆಳೆಯರು ಈ ಲಿಸ್ಟಿನಲ್ಲೇ ಇದ್ದೀರಿ. ವರ್ಡ್, ಎಕ್ಸೆಲ್, ಟ್ಯಾಲಿ ಎಲ್ಲ ಕಲಿಸುತ್ತೀರಿ. ಮೊದಲ ದಿನವೇ ಈ ಮೂರು ಕೀಗಳನ್ನೂ ತೋರಿಸಿಬಿಡಿ, ನಿಮಗೆ ಕೈ ಮುಗಿಯುತ್ತೇನೆ. ಇನ್ನು ನನ್ನ ಲೇಖಕರಿಗೆ: ನಾಳೆಯಿಂದ ಪರದೆಯ ಫೋಟೊ ಬಂದರೆ ಆ ತಿದ್ದುಪಡಿ ಮುಟ್ಟುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆಯಲು ಬರದಿದ್ದರೆ ಸಂಕೋಚ ಬೇಡ, ಫೋನ್ ಮಾಡಿ. ರಾತ್ರಿ ಹತ್ತರವರೆಗೂ ಎದ್ದಿರುತ್ತೇನೆ, ಎಷ್ಟು ಸಲ ಕೇಳಿದರೂ ಹೇಳಿಕೊಡುತ್ತೇನೆ.