ಕತ್ತು ತಿರುಚಿದ್ದಕ್ಕೆ ಮಾರ್ಕ್ಸ್ ಯಾಕೆ ಕಟ್ ಆಗಲ್ಲ?

ಈಗಷ್ಟೇ ಒಂದು ಡೆಂಟಲ್ ಕಾಲೇಜಿನ ಕ್ಲಿನಿಕ್‌ನಲ್ಲಿ ಕಂಡದ್ದು. ಥರ್ಡ್ ಇಯರ್ ಹುಡುಗಿ ಮೇಲಿನ ದವಡೆಯ ಕೊನೆ ಹಲ್ಲಿಗೆ ಸ್ಕೇಲಿಂಗ್ ಮಾಡ್ತಿದ್ದಾಳೆ, ಅಂದರೆ ಹಲ್ಲಿಗಂಟಿದ ಕಲ್ಲು ಕೆರೆದು ತೆಗೀತಿದ್ದಾಳೆ. ಪೇಷಂಟ್ ಅರ್ಧಂಬರ್ಧ ಒರಗಿದ್ದಾರೆ. ಇವಳ ಕತ್ತು ಬಾಗಿದೆ, ಸಾಲದ್ದಕ್ಕೆ ತಿರುಚಿದೆ, ಮೊಣಕೈ ಭುಜದ ಮಟ್ಟಕ್ಕೆ ಎದ್ದಿದೆ. ಎಡಗೈಯಲ್ಲಿ ಮೌತ್ ಮಿರರ್ ಇದೆ, ನೋಡೋಕಲ್ಲ, ಕೆನ್ನೆ ಸರಿಸೋಕೆ! ಸ್ಟಾಫ್ ಬಂದರು, "ಕ್ಯಾಲ್ಕುಲಸ್ (ಅದೇ ಕಲ್ಲು) ಉಳಿದಿದೆ ನೋಡಮ್ಮ" ಅಂದರು, ಹೋದರು. ಹಲ್ಲಿನ ಹಿಂದಿನ ಚೂರು ಕಂಡವರಿಗೆ ಎದುರಿಗಿದ್ದ ಕತ್ತು ಕಾಣಲಿಲ್ಲ.

ಮೇಲಿನ ಹಲ್ಲಿಗೆ ಪೇಷಂಟ್‌ನ ಪೂರ್ತಿ ಮಲಗಿಸಿ ಗದ್ದ ಎತ್ತಿಸಬೇಕು, ಮೇಲ್ದವಡೆಯ ಹಲ್ಲುಸಾಲು ನೆಲಕ್ಕೆ ನೆಟ್ಟಗೆ ನಿಲ್ಲುವಷ್ಟು. ನಾವು ಹನ್ನೆರಡು ಗಂಟೆಯ ಜಾಗಕ್ಕೆ, ಅಂದರೆ ತಲೆಯ ಹಿಂದಕ್ಕೆ ಹೋಗಿ ಮಿರರ್‌ನಲ್ಲಿ ನೋಡ್ಕೊಂಡು ಕೆಲಸ ಮಾಡಬೇಕು. ಮಂಜು ಕಟ್ಟಿದರೆ ಪೇಷಂಟ್‌ನ ಕೆನ್ನೆಯ ಒಳಗೇ ಒಮ್ಮೆ ಸವರಿದರಾಯ್ತು. ಕೆಳಗಿನ ಹಲ್ಲಿಗೆ ಬೆನ್ನಾಸರೆ ಸ್ವಲ್ಪ ಏರಿಸಿ ಗದ್ದ ತಗ್ಗಿಸಿ. ಮೊದಲು ಸ್ಟೂಲು ನಮಗೆ ಹೊಂದಬೇಕು: ಪಾದ ನೆಲಕ್ಕೆ ಊರಿ, ಸೊಂಟ ಮಂಡಿಗಿಂತ ತುಸು ಮೇಲೆ. ಆಮೇಲೆ ಚೇರು ಏರಿಸಿ ಪೇಷಂಟ್‌ನ ಬಾಯನ್ನು ನಮ್ಮ ಮೊಣಕೈ ಮಟ್ಟಕ್ಕೆ ತರೋದು. ಕಣ್ಣಿಗೂ ಬಾಯಿಗೂ 35–40 ಸೆಂ.ಮೀ. ಎಲ್ಲರೂ ಮಾಡೋದು ಉಲ್ಟಾ. ಪೇಷಂಟ್ ಇದ್ದಲ್ಲೇ ಇರ್ತಾರೆ, ಡಾಕ್ಟರು ಬಗ್ತಾರೆ.

ಈ ಚಟ ಅಂಟೋದು ಪ್ರಿಕ್ಲಿನಿಕಲ್ ಲ್ಯಾಬಲ್ಲಿ, ಪೇಷಂಟ್‌ನ ಮುಟ್ಟೋಕೂ ಮೊದಲು ಕೈ ಪಳಗಿಸೋ ಜಾಗದಲ್ಲಿ. ಮಿರರ್‌ನಲ್ಲಿ ಎಡಬಲ ಗೊಂದಲ ಆಗುತ್ತೆ ಅಂತ ಫ್ಯಾಂಟಮ್ ಹೆಡ್ ಅನ್ನೋ ಬೊಂಬೆ ತಲೆಯಿಂದ ದವಡೆಯನ್ನೇ ಬಿಚ್ಚಿ, ಅಂಗೈಲಿಟ್ಟು ಫಿಲ್ಲಿಂಗ್ ತುಂಬೋ ಕ್ಯಾವಿಟಿ ಕೊರೀತಾರೆ. ಮಾರ್ಕ್ಸೂ ಬರುತ್ತೆ. ಆದರೆ ಪೇಷಂಟ್‌ನ ದವಡೆ ಬಿಚ್ಚೋಕಾಗಲ್ಲವಲ್ಲ, ಆಗ ಕತ್ತು ಬಿಚ್ಚಿಕೊಳ್ಳುತ್ತೆ.

ಕೈ ಕಥೆ ಬೇರೆಯೇ. ಕಲ್ಲು ಕೆರೆಯೋ ಉಪಕರಣ ಸ್ಕೇಲರ್. ಅದು ಮೊಂಡಾದರೆ ಕಲ್ಲನ್ನು ಕಿತ್ತುಹಾಕಲ್ಲ, ಸವರುತ್ತೆ. ಆಗ ಬೆರಳು ಇನ್ನಷ್ಟು ಬಿಗಿ ಹಿಡಿಯುತ್ತೆ, ಮಣಿಕಟ್ಟು ಮಡಚುತ್ತೆ. ಸಪೂರ ಹಿಡಿಯಾದರೆ ಇನ್ನೂ ಕಷ್ಟ. ಉಂಗುರ ಬೆರಳು ಹಲ್ಲಿನ ಮೇಲೆ ಊರದಿದ್ದರೆ ಭಾರವೆಲ್ಲ ಭುಜಕ್ಕೆ. ಎರಡೂ ಕೈಗೆ ಆಗುವ ಗ್ಲೌಸು, ಅದೂ ಒಂದು ಸೈಜ್ ಚಿಕ್ಕದಿದ್ದರೆ, ಹೆಬ್ಬೆರಳಿನ ಬುಡವನ್ನು ದಿನವಿಡೀ ಎಳೀತಾ ಇರುತ್ತೆ. ಬಾಯಿಯ ನೀರೆಳೆಯೋ ಸಕ್ಷನ್ ಹಿಡಿಯೋಕೂ ಜನ ಇಲ್ಲ, ಟ್ರೇ ಬೆನ್ನ ಹಿಂದೆ. ಪ್ರತಿ ಸಲ ಸೊಂಟ ತಿರುಗಿಸು.

"ನಮ್ಮ ಕಾಲದಲ್ಲಿ ನಿಂತೇ ಮಾಡ್ತಿದ್ವಿ, ಏನಾಗಿದೆ?" ಅನ್ನೋರು ಬಂದೇ ಬರ್ತಾರೆ. ಸಾರ್, ನಿಮ್ಮ ಶರ್ಟಿನ ಒಳಗಿನ ಸೊಂಟದ ಬೆಲ್ಟ್ ಕಾಣ್ತಿದೆ. ಇನ್ನು ಕೆಲವರದು ಯೋಗ ಮಾಡಿ ಅನ್ನೋ ಪೋಸ್ಟರ್. ಯೋಗದ ಮೇಲೆ ನನಗೆ ಸಿಟ್ಟಿಲ್ಲ, ಪೋಸ್ಟರ್ ಮೇಲಿದೆ. ಅಲುಗಾಡದೆ ಬಿಗಿದಿಟ್ಟ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯಲ್ಲ. ಬೆಳಗ್ಗೆ ಅರ್ಧ ಗಂಟೆ ಮೈ ಬಾಗಿಸಿ ಆಮೇಲೆ ಅದೇ ಮುರಿದ ಸ್ಟೂಲಲ್ಲಿ ಗಂಟೆಗಟ್ಟಲೆ ಕೂತರೆ ಏನು ಬಂತು? ನೋವು ಆಗಲೇ ಬರಲ್ಲ, ರಾತ್ರಿ ಹಾಸ್ಟೆಲಲ್ಲಿ ಬರುತ್ತೆ. ಹುಡುಗರು ದಿಂಬನ್ನು ಬೈತಾರೆ.

ಇಷ್ಟು ಕೇಸ್ ಅಂತ ಇರೋ ಕೋಟಾ ಮುಗಿಸೋ ಗಡಿಬಿಡಿಯಲ್ಲಿರೋ ಹುಡುಗರನ್ನು ದೂರೋದು ಸುಲಭ. ಕೇಸ್ ಶೀಟಲ್ಲಿ ಕೂತ ಭಂಗಿಗೆ ಒಂದು ಕಾಲಂ ಹಾಕಿ, ಕ್ಯಾವಿಟಿಗೆ ಕೊಟ್ಟಷ್ಟೇ ಕಟ್ಟುನಿಟ್ಟಾಗಿ ಮಾರ್ಕ್ಸ್ ಕೊಡಿ. ಅದಕ್ಕೂ ಮೊದಲು, ಕೂತ ಐದೇ ನಿಮಿಷಕ್ಕೆ ಕುಸಿಯುತ್ತಲ್ಲ, ಆ ಸ್ಟೂಲಿನ ಎತ್ತರ ಹಿಡಿದಿಡೋ ಗ್ಯಾಸ್ ಲಿಫ್ಟ್ ಬದಲಾಯಿಸಿ.