ಇಂಗ್ಲೆಂಡಿನ ಬಿಎ ಇಲ್ಲಿ ನಡೆಯಲ್ಲ ಅನ್ನೋದು ಸುಳ್ಳು: ಒಂದು ಸ್ಪಷ್ಟನೆ

ಹಾಸನದ ಪಿಯುಸಿ ಪೋಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಕೆಂಪು ಅಕ್ಷರದ ಮೆಸೇಜ್ ಒಂದು ಓಡಾಡುತ್ತಿದೆ. ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಭಾಷೆ ಮತ್ತು ಕ್ರಿಯೇಟಿವ್ ರೈಟಿಂಗ್ ಓದಿದರೆ ಆ 3 ವರ್ಷದ ಡಿಗ್ರಿಗೆ ಭಾರತದಲ್ಲಿ ಮಾನ್ಯತೆ ಇಲ್ಲವಂತೆ. ನಮ್ಮ ಪಿಯುಸಿಯನ್ನೂ ಅವರು ಒಪ್ಪಲ್ಲವಂತೆ. ಎರಡೂ ತಪ್ಪು.

2022ರ ಜುಲೈ 21ರಂದು ಭಾರತ ಮತ್ತು ಬ್ರಿಟನ್ ಸರ್ಕಾರಗಳು ಪದವಿಗಳ ಪರಸ್ಪರ ಮಾನ್ಯತೆಯ ಒಪ್ಪಂದಕ್ಕೆ ಸಹಿ ಹಾಕಿವೆ. ಅದರ ಪ್ರಕಾರ ಅಲ್ಲಿನ ಮಾನ್ಯ ವಿಶ್ವವಿದ್ಯಾಲಯದ ಬಿಎ ಇಲ್ಲಿನ ಬಿಎಗೆ ಸಮ. 1 ವರ್ಷದ ಎಂಎಗೂ ಮಾನ್ಯತೆ ಇದೆ. ನಮ್ಮ 12ನೇ ತರಗತಿ, ಅಂದರೆ ಸೆಕೆಂಡ್ ಪಿಯುಸಿ, ಅಲ್ಲಿ ಡಿಗ್ರಿ ಸೇರಲು ನಡೆಯುತ್ತದೆ. ಇಂಜಿನಿಯರಿಂಗ್, ಮೆಡಿಕಲ್, ನರ್ಸಿಂಗ್, ಪ್ಯಾರಾಮೆಡಿಕಲ್, ಫಾರ್ಮಸಿ, ಕಾನೂನು, ಆರ್ಕಿಟೆಕ್ಚರ್‌ನಂಥ ವೃತ್ತಿಪರ ಡಿಗ್ರಿಗಳು ಈ ಒಪ್ಪಂದದ ಹೊರಗಿವೆ. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಂದಲೇ.

ಹಾಗಂತ ಪಿಯುಸಿ ಪಾಸಾದರೆ ಸೀಟು ಗ್ಯಾರಂಟಿ ಅಂತಲ್ಲ. ಎಷ್ಟು ಅಂಕ ಬೇಕು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಎಷ್ಟು ಸ್ಕೋರ್ ಬೇಕು ಅನ್ನೋದನ್ನು ಆಯಾ ವಿಶ್ವವಿದ್ಯಾಲಯವೇ ಗೊತ್ತು ಮಾಡುತ್ತದೆ.

ಮೆಸೇಜಿನ ಕೊನೆಯಲ್ಲಿ "ಇದು ಸುಮ್ನೆ ಕಥೆ ಗೀಚೋ ಕೋರ್ಸ್" ಅಂತಲೂ ಇದೆ. ಇದನ್ನು ಓದಿ ನಗು ಬಂತು. ಭಾಷೆಯ ಭಾಗದಲ್ಲಿ ವ್ಯಾಕರಣ, ಧ್ವನಿ, ಜನ ಮಾತಾಡುವ ರೀತಿ ಎಲ್ಲವನ್ನೂ ಓದಬೇಕು. ಬರವಣಿಗೆಯ ಭಾಗದಲ್ಲಿ ನಿಮ್ಮ ಕರಡನ್ನು ಸಹಪಾಠಿಗಳು ಓದಿ, ಎಲ್ಲಿ ಎಳೆದಿದೆ, ಯಾವ ಮಾತು ಜಾಸ್ತಿಯಾಯಿತು ಅಂತ ಎದುರಿಗೇ ಹೇಳುತ್ತಾರೆ. ಆಮೇಲೆ ಅದನ್ನು ಮತ್ತೆ ಬರೆಯಬೇಕು.

ಫೀಸು ಮಾತ್ರ ನಿಜಕ್ಕೂ ಜಾಸ್ತಿ. ಅಷ್ಟು ಆಗದವರಿಗೆ ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಇಂಗ್ಲಿಷ್ ಕ್ರಿಯೇಟಿವ್ ರೈಟಿಂಗ್ ಡಿಪ್ಲೊಮಾ ಇದೆ, ಮನೆಯಿಂದಲೇ ಓದಬಹುದು.

ದಯವಿಟ್ಟು ಆ ಮೆಸೇಜನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೇ ಇದನ್ನೂ ಹಾಕಿಬಿಡಿ.