ಮದುವೆ ಮಾಡಿಕೊಟ್ಟರೆ ಅಪ್ಪನ ಕೆಲಸ ಮುಗಿಯಿತೇ?

ನಮ್ಮ ಶಿಡ್ಲಘಟ್ಟದ ಕಡೆ ಮಗಳ ಮದುವೆ ಮುಗಿಸಿದ ಅಪ್ಪನನ್ನು ಕಂಡವರೆಲ್ಲ "ಇನ್ನೇನಪ್ಪ, ಜವಾಬ್ದಾರಿ ಕಳೀತು" ಎನ್ನುವುದು ವಾಡಿಕೆ. ನನಗೂ ಹಾಗೆಯೇ ಹೇಳಿದರು. ಸಾಲಸೋಲ ಮಾಡಿ ಮದುವೆ ದಾಟಿಸಿದವನಿಗೆ ಆ ಮಾತು ಸಮಾಧಾನ ತರುವುದೂ ನಿಜ. ಆದರೆ ಛತ್ರದ ಬಾಡಿಗೆ ಚುಕ್ತಾ ಮಾಡಿದ ದಿನಕ್ಕೇ ಅಪ್ಪನ ಕೆಲಸ ಮುಗಿಯಿತೆಂಬುದನ್ನು ನಾನು ಒಪ್ಪಲಾರೆ.

ಹಾಗೆ ಮುಗಿದಿದ್ದರೆ ಅದರ ಸಂತೋಷವೂ ಅಂದೇ ಮುಗಿಯಬೇಕಿತ್ತು. ನಮ್ಮದು ರೇಷ್ಮೆ ಬೆಳೆಯುವ ಮನೆ. ಹುಳು ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹಗಲು ರಾತ್ರಿಯೆನ್ನದೆ ಸೊಪ್ಪು ತಿನ್ನುವ ದಿನಗಳಲ್ಲಿ ಮಗಳು ಗಂಡನ ಮನೆಯಿಂದ ಫೋನ್ ಮಾಡಿ, "ಹುಳ ಹಣ್ಣಾಯ್ತಾ ಅಪ್ಪ, ಚಂದ್ರಿಕೆಗೆ ಯಾವತ್ತು ಬಿಡ್ತೀರಿ?" ಎಂದು, ಬಲಿತ ಹುಳುವನ್ನು ಗೂಡು ಕಟ್ಟುವ ತಟ್ಟೆಗೆ ಬಿಡುವ ದಿನ ಕೇಳುತ್ತಾಳೆ, ಸೊಪ್ಪು ಒದ್ದೆಯಿದ್ದರೆ ಹಾಕಬೇಡಿ ಎಂದು ನನಗೇ ಬುದ್ಧಿ ಹೇಳುತ್ತಾಳೆ. ಅದನ್ನು ಅವಳಿಗೆ ಕಲಿಸಿದವನು ನಾನೇ. ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ತಿರುಗಿದಾಗಲೂ ನನಗೆ ಇಷ್ಟು ಹಿಗ್ಗಾಗಿತ್ತೋ ಇಲ್ಲವೋ.

ಜವಾಬ್ದಾರಿಯ ನಿಜವಾದ ಪರೀಕ್ಷೆ ಜಮೀನಿನ ಮಾತು ಬಂದಾಗ ಆಗುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ಭೂಮಿಗೆ ಬಂದ ಬೆಲೆ ಎಲ್ಲರಿಗೂ ಗೊತ್ತು. ಹೆಣ್ಣುಮಕ್ಕಳನ್ನು ಹಬ್ಬಕ್ಕೆ ಕರೆದು, ಸೀರೆ ಉಡಿಸಿ, ಮಾರನೆಯ ದಿನವೇ ಉಪನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಸಹಿ ಹಾಕದವಳಿಗೆ ಮುಂದಿನ ಹಬ್ಬದ ಕರೆ ಇರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಂದ ತಿದ್ದುಪಡಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು ಕೊಟ್ಟಿದೆ. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮದುವೆಗೆ ಖರ್ಚು ಮಾಡಿದ್ದೇ ಅವಳ ಪಾಲು ಎನ್ನುವವರು, ಮಗನ ಮದುವೆಯ ಖರ್ಚನ್ನು ಅವನ ಪಾಲಿನಲ್ಲಿ ಕಳೆದದ್ದನ್ನು ನಾನಂತೂ ನೋಡಿಲ್ಲ.

ಕೋರ್ಟು ಕೊಡಿಸುವ ಮುನ್ನ ಅಪ್ಪನೇ ಕೊಡಬೇಕು, ಅದೂ ತನ್ನ ಕೈಕಾಲು ಗಟ್ಟಿಯಿರುವಾಗ, ಮಗ ಮಗಳನ್ನು ಎದುರಿಗೆ ಕೂರಿಸಿಕೊಂಡು. 'ನನ್ನ ಕಾಲಾನಂತರ ಅವರವರೇ ನೋಡಿಕೊಳ್ಳಲಿ' ಎಂದು ಅಪ್ಪ ಬಿಟ್ಟ ಎಷ್ಟೋ ಮನೆಗಳಲ್ಲಿ ಅಣ್ಣ ತಂಗಿ ಈಗ ವಕೀಲರ ಮೂಲಕವೇ ಮಾತಾಡುತ್ತಾರೆ. ನಾನು ಇಬ್ಬರಿಗೂ ಸಮಪಾಲೆಂದು ಹೇಳಿದ್ದೇನೆ. ಮಗ ಬೇಡವೆನ್ನಲಿಲ್ಲ, ಹಿಪ್ಪುನೇರಳೆ ತೋಟದ ಬೋರ್‌ವೆಲ್ ಯಾರ ಪಾಲಿಗೆ ಎಂದಷ್ಟೇ ಕೇಳಿದ. ನಮ್ಮ ಸೀಮೆಯಲ್ಲಿ ಅದು ಸಣ್ಣ ಪ್ರಶ್ನೆಯಲ್ಲ, ಇನ್ನೂ ತೀರ್ಮಾನವಾಗಿಲ್ಲ.